ಚಿಟ್ಟೆಗೊಂದು ಚಿಟ್ಟಿ

ನಿನ್ನೆ ಬೆಳಗ್ಗೆ ನಮ್ಮ ಗದಗಿನ ಮನೆಯ ಕಿಟಕಿಯಿಂದ ಒಂದು ಹಳದಿ ಚಿಟ್ಟೆ ಒಳಗೆ ಬಂದು, ಮೇಜಿನ ಮೇಲಿದ್ದ ಲಗ್ನಪತ್ರಿಕೆಗೆ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ನನ್ನ ಕನ್ನಡಕದ ಡಬ್ಬಿಯ ಮೇಲೆ ವಿರಾಜಮಾನವಾಯಿತು. ಇಂಥ ಅತಿಥಿ ಬಂದಾಗ ಸುಮ್ಮನೆ ಕೂರುವ ಸಂಯಮ ನನಗಿಲ್ಲ. "ಇಲ್ಲೆ ನೋಡ್ರಿ, ಚಿಟ್ಟಿ ಬಂದೈತಿ!" ಎಂದು ಕೂಗಿದೆ. ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದ ನಮ್ಮ ಯಜಮಾನರು ಕೈ ನಿಲ್ಲಿಸದೆಯೇ, "ಯಾರದು ಬಂತು? ಮುಂಡರಗಿದೇನು?" ಎಂದು ಕೇಳಿದರು.

ನೀವು ಮೈಸೂರು ಸೀಮೆಯವರಾದರೆ ಇದರಲ್ಲಿ ನಗುವಂಥದ್ದೇನಿದೆ ಎಂದು ಹುಬ್ಬೇರಿಸಬಹುದು. ನಮ್ಮ ಕಡೆ ಚಿಟ್ಟಿ ಎಂದರೆ ಕಾಗದ, ಪತ್ರ. ಹೂವಿನಿಂದ ಹೂವಿಗೆ ಹಾರುವ ಸುಂದರಿಯನ್ನು ನಾವು ಕರೆಯುವುದು ಪಾತರಗಿತ್ತಿ ಎಂದು. ಚಿಟ್ಟೆಗೂ ಚಿಟ್ಟಿಗೂ ನಡುವೆ ಇರುವುದು ಒಂದೇ ಒಂದು ಸ್ವರದ ವ್ಯತ್ಯಾಸ. ಆ ಇಕ್ಕಟ್ಟಾದ ಸಂದಿಯೊಳಗಿಂದಲೇ ನನ್ನ ಇಡೀ ಬದುಕು ಹೊರಗೆ ಹಾರಿಬಂತು ಎಂದರೆ ನೀವು ನಂಬಲಿಕ್ಕಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಗ ಏಕೀಕರಣವಾಗಿ ಕೆಲವೇ ತಿಂಗಳಾಗಿದ್ದವು. ನಮ್ಮೂರು ಲಕ್ಷ್ಮೇಶ್ವರ ಮೊದಲು ಸಂಸ್ಥಾನಿಕರದ್ದಾಗಿತ್ತು, ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿಗೆ ಸೇರಿತು, ಈಗ ಮೈಸೂರು ರಾಜ್ಯದ್ದಾಗಿತ್ತು. "ನಾ ಹೊಸ್ತಲಾ ದಾಟಿಲ್ಲ ನೋಡವಾ, ಮೂರು ರಾಜ್ಯ ತಿರಗಿ ಬಂದೆ" ಎಂದು ನಮ್ಮಜ್ಜಿ ಯಾತ್ರೆ ಮುಗಿಸಿದವರ ಗತ್ತಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಹೊಸ ರಾಜ್ಯದ ಪ್ರಥಮ ಪ್ರಸಾದವಾಗಿ ನಮ್ಮ ಏಳನೆಯ ಇಯತ್ತೆಗೆ ದೊರೆತವರು ಮೈಸೂರು ಕಡೆಯ ನಂಜುಂಡಯ್ಯ ಮಾಸ್ತರರು. ಅವರು ನಮ್ಮನ್ನು ಬಯ್ಯುವಾಗಲೂ 'ಮಗು' ಎನ್ನುತ್ತಿದ್ದುದರಿಂದ ಬಯ್ಗುಳದ ಅರ್ಧ ಪರಿಣಾಮ ಅಲ್ಲಿಯೇ ನಷ್ಟವಾಗುತ್ತಿತ್ತು. ಅವರ ಉಳಿದ ಮಾತು ನಮಗೆ ಅರ್ಥವಾಗದಿದ್ದಾಗ ಇಡೀ ವರ್ಗ ತಿರುಗಿ ನೋಡುತ್ತಿದ್ದುದು ನನ್ನತ್ತ.

ಏಕೆಂದರೆ ನಾನು ವರ್ಗದ ಅಧಿಕೃತ ಭಾಷಾಪಂಡಿತೆ. ಮನಿ ಎಂಬುದು ಪುಸ್ತಕದಲ್ಲಿ ಮನೆ, ಶಾಲಿ ಎಂಬುದು ಶಾಲೆ, ಎಲಿ ಎಂಬುದು ಎಲೆ ಎಂಬ ರಹಸ್ಯವನ್ನು ನಾನು ಸ್ವಯಂ ಸಂಶೋಧಿಸಿದ್ದೆ. ನಮ್ಮ ಬಾಯಿಯ ಇಕಾರವನ್ನು ಎಕಾರ ಮಾಡಿದರೆ ಶುದ್ಧ ಗ್ರಂಥಭಾಷೆ ಸಿದ್ಧ! ಹನ್ನೆರಡರ ವಯಸ್ಸಿನಲ್ಲಿ ಇಷ್ಟು ವ್ಯಾಕರಣ ಕೈವಶವಾದವರಿಗೆ ಅಹಂಕಾರ ಬಾರದಿದ್ದರೆ ಅದೇ ಆಶ್ಚರ್ಯ.

ಅಹಂಕಾರದ ಜೊತೆಗೆ ನನಗೊಂದು ಸಂಕಟವೂ ಇತ್ತು. ಶಿರಹಟ್ಟಿಯ ಒಂದು ಮನೆತನದವರು ಕನ್ಯೆಯನ್ನು ನೋಡಲು ಯಾವಾಗ ಬರೋಣ ಎಂದು ಅಪ್ಪನಿಗೆ ಕಾಗದ ಬರೆದಿದ್ದರು. ಆ ಕನ್ಯೆ ನಾನೇ. ನಾನು ಗದಗಿನ ಹೈಸ್ಕೂಲಿಗೆ ಹೋಗುತ್ತೇನೆಂದು ಊಟ ಬಿಟ್ಟು ಕೂತೆ. ಅಪ್ಪ ಕೆಟ್ಟವನಲ್ಲ, ಆದರೆ ಬೇಗ ಬೇಸರವಾಗುವ ಮನುಷ್ಯ. "ಆತು, ಈ ವರ್ಷ ಸಾಲ್ಯಾಗ ಒಂದು ಬಕ್ಷೀಸ ತಗೊಂಡ ಬಾ, ಗದಗಿಗೆ ಕಳಸತೇನಿ. ಇಲ್ಲಾಂದ್ರ ಶಿರಹಟ್ಟಿಯವರಿಗೆ ಬರ್ರಿ ಅಂತ ಬರೀತೇನಿ" ಎಂದುಬಿಟ್ಟ. ಓಟದಲ್ಲಿ ಕೊನೆಯವಳು, ಹಾಡಿನಲ್ಲಿ ಅದಕ್ಕಿಂತ ಕೊನೆಯವಳು ಆಗಿದ್ದ ನನಗೆ ಬಕ್ಷೀಸು ಬರುವ ಸಂಭವವೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಅದಕ್ಕೇ ಹೆದರಿದ್ದೆ.

ಅಷ್ಟರಲ್ಲಿ ಒಂದು ಶನಿವಾರ, ಗಂಟೆ ಬಾರಿಸುವ ಹೊತ್ತಿಗೆ, ನಂಜುಂಡಯ್ಯ ಮಾಸ್ತರರು ಘೋಷಿಸಿದರು: "ಸೋಮವಾರ ಎಲ್ಲರೂ ಹತ್ತು ಹತ್ತು ಚಿಟ್ಟೆ ತರಬೇಕು. ಬಣ್ಣದವಿರಲಿ, ಹರಿದಿರಬಾರದು. ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ, ಎಲ್ಲಿ ಸಿಕ್ಕಿತೆಂದು ಕೆಳಗೆ ಬರೆಯಿರಿ. ಬುಧವಾರ ಶಾಲೆಯ ತನಿಖೆಗೆ ಸಾಹೇಬರು ಬರ್ತಾರೆ, ಒಳ್ಳೆಯದಕ್ಕೆ ಬಹುಮಾನ ಇದೆ." ಹೀಗೆಂದವರೇ ಬಸ್ಸಿಗೆ ಹೊತ್ತಾಯಿತೆಂದು ಗದಗಿಗೆ ಹೊರಟುಹೋದರು.

ಬಹುಮಾನ! ಅಪ್ಪ ಕೇಳಿದ ಬಕ್ಷೀಸು ಅದೇ ಅಲ್ಲವೇ! ಆದರೆ ಚಿಟ್ಟೆ ಎಂದರೇನು? ಮೂವತ್ತು ಮುಖಗಳು ನನ್ನ ಕಡೆ ತಿರುಗಿದವು. ನಾನು ಒಂದು ಕ್ಷಣವೂ ಅನುಮಾನಿಸದೆ, "ಮನಿಗೆ ಮನೆ ಅಂತಾರಲ್ಲಾ, ಹಂಗ ಚಿಟ್ಟಿಗೆ ಚಿಟ್ಟೆ ಅಂದಾರ" ಎಂದು ತೀರ್ಪಿತ್ತೆ. ತೀರ್ಪಿನ ಭದ್ರತೆಯನ್ನು ನೀವೇ ಪರಿಶೀಲಿಸಿ. ಬಣ್ಣದ್ದಿರಲಿ ಎಂದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಮಂಗಲಪತ್ರ. ಹರಿದಿರಬಾರದು ಎಂದರೆ ಸಾವಿನ ಸುದ್ದಿಯ ಕಾಗದ ಬೇಡ, ಅದನ್ನು ಓದಿದೊಡನೆ ಹರಿದೊಗೆಯುವುದು ನಮ್ಮಲ್ಲಿ ಪದ್ಧತಿ. ಎಲ್ಲಿ ಸಿಕ್ಕಿತೆಂದರೆ ಯಾವ ಊರಿನಿಂದ ಬಂತು ಎಂದು. ಇದಕ್ಕಿಂತ ನಿರ್ದುಷ್ಟವಾದ ಭಾಷ್ಯ ಇನ್ನೆಲ್ಲಿಯಾದರೂ ಇದೆಯೇ?

ಆ ಭಾನುವಾರ ಲಕ್ಷ್ಮೇಶ್ವರದ ಮೂವತ್ತು ಮನೆಗಳ ಪೆಟ್ಟಿಗೆ, ಗೂಡು, ಜಂತಿಗಳೆಲ್ಲ ಶೋಧನೆಗೊಳಗಾದವು. ನಾನಂತೂ ಮುಂಡರಗಿಯ ಅತ್ತೆಯ ಬಾಣಂತನದ ಸುದ್ದಿ, ಮುಳಗುಂದದ ಕಾಕಾನ ಗೃಹಪ್ರವೇಶ, ಕೊನೆಗೆ ಹತ್ತನೆಯದು ಸಿಗದೆ ಆ ಶಿರಹಟ್ಟಿಯ ಕಾಗದವನ್ನೂ ಸೇರಿಸಿ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿದೆ. ಅದಕ್ಕೆ ಚುಚ್ಚುವಾಗ ಸ್ವಲ್ಪ ಹೆಚ್ಚು ಬಲ ಬಿದ್ದದ್ದು ನಿಜ.

ಸೋಮವಾರ ಮಾಸ್ತರರು ಮೊದಲ ಪೆಟ್ಟಿಗೆ ತೆರೆದರು, ಎರಡನೆಯದನ್ನು ತೆರೆದರು, ಆಮೇಲೆ ಕುರ್ಚಿಯಲ್ಲಿ ಕೂತರು. "ಏನು ಮಗು ಇದು?" ಎಂದು ಕ್ಷೀಣಸ್ವರದಲ್ಲಿ ಕೇಳಿದರು. "ಚಿಟ್ಟಿ ರೀ ಸರ" ಎಂದಿತು ಇಡೀ ವರ್ಗ. ಅವರು ಹಲಗೆಯ ಮೇಲೆ ಎರಡು ರೆಕ್ಕೆ, ಎರಡು ಮೀಸೆ ಬರೆದು ತೋರಿಸಿದಾಗ ಹಿಂದಿನ ಸಾಲಿನಿಂದ ನೀಲವ್ವ, "ಅಯ್ಯ, ಪಾತರಗಿತ್ತಿ!" ಎಂದು ಕಿರುಚಿದಳು. ಮೂವತ್ತು ಮುಖಗಳು ಮತ್ತೆ ನನ್ನತ್ತ ತಿರುಗಿದವು. ಈ ಸಲ ಅವುಗಳಲ್ಲಿ ಭಕ್ತಿ ಇರಲಿಲ್ಲ.

ಆ ಕ್ಷಣದಲ್ಲಿ ನನಗೆ ನಾಚಿಕೆಗಿಂತ ದುಃಖ ಹೆಚ್ಚಾಯಿತು. ಬಹುಮಾನ ಹೋಯಿತು, ಗದಗ ಹೋಯಿತು. ಮಾಸ್ತರರು ಮಾತ್ರ ಬಯ್ಯಲಿಲ್ಲ. "ನಾಳೆ ರಜೆ ಅಂದ್ಕೊಳ್ಳಿ. ಚಿಟ್ಟೆಯೇ ಆಗಬೇಕಿಲ್ಲ, ಯಾವ ಹುಳವಾದರೂ ಸರಿ" ಎಂದರು.

ಮನೆಯಲ್ಲಿ ಅಜ್ಜಿಯ ತಕರಾರು ಬೇರೆ. "ಜೀವ ಇದ್ದದ್ದಕ್ಕ ಚುಚ್ಚಬ್ಯಾಡ. ತಾನಾಗಿ ಸತ್ತದ್ದು ಸಿಕ್ರ ತಗೊ" ಎಂದು ಆಜ್ಞೆಯಿತ್ತು, ಸೊಂಟಕ್ಕೆ ಸೆರಗು ಬಿಗಿದು ತಾನೂ ಹುಡುಕಲು ನಿಂತಳು. ಮೂರು ರಾಜ್ಯ ತಿರುಗಿಯೂ ದಾಟದ ಹೊಸ್ತಿಲನ್ನು ಅಂದು ಹುಳಕ್ಕಾಗಿ ದಾಟಿದಳು. ಜೋಳದ ಚೀಲದ ಹಿಂದೆ ಮಿಡಚಿ, ಕಂದೀಲಿನ ಬುಡದಲ್ಲಿ ಗುಂಗಿಹುಳ, ಜೇಡರಬಲೆಯಲ್ಲಿ ಕಣಜದ ಹುಳ, ಹೀಗೆ ಸಂಜೆಯೊಳಗೆ ಒಂಬತ್ತಾದವು. ಹತ್ತನೆಯದು ಗುಡಿಯ ಕಲ್ಲಿನ ಜಾಲಂದ್ರದಲ್ಲಿ ಸಿಕ್ಕಿತು. ರೆಕ್ಕೆ ಬಿಚ್ಚಿದಂತೆಯೇ ಒಣಗಿದ್ದ, ಎಲ್ಲಿಯೂ ಹರಿಯದ ಹಳದಿ ಪಾತರಗಿತ್ತಿ.

ಹೆಸರಿನ ಚೀಟಿಗೆ ದಪ್ಪ ಕಾಗದ ಬೇಕಿತ್ತು. ಶಿರಹಟ್ಟಿಯವರ ಕಾಗದ ದಪ್ಪವಾಗಿತ್ತು, ಬೆನ್ನು ಖಾಲಿಯಿತ್ತು, ಕತ್ತರಿ ಕೈಯಲ್ಲಿತ್ತು. ಇದರಲ್ಲಿ ನನ್ನ ಪಾತ್ರ ತೀರ ಅಲ್ಪ. ಹತ್ತು ತುಂಡು ಮಾಡಿ, ಪ್ರತಿಯೊಂದರ ಮೇಲೆ ಅಜ್ಜಿ ಹೇಳಿದ ಹೆಸರನ್ನೂ ಮರುದಿನ ಸಾಹೇಬರು ಬರುವ ಮೊದಲೇ ಮಾಸ್ತರರು ಹೇಳಿಕೊಟ್ಟ ಹೆಸರನ್ನೂ ಅಕ್ಕಪಕ್ಕ ಬರೆದೆ: ಮಿಡಚಿ, ಮಿಡತೆ, ಗುಂಗಿಹುಳ, ದುಂಬಿ, ಪಾತರಗಿತ್ತಿ, ಚಿಟ್ಟೆ. ನನ್ನ ಹಾಗೆ ಇನ್ನೊಬ್ಬರು ಮೋಸಹೋಗಬಾರದಲ್ಲ!

ಬುಧವಾರ ಬಂದ ಸಾಹೇಬರು ಧಾರವಾಡದ ಕಡೆಯವರು. ಸಾಲಾಗಿಟ್ಟ ಪೆಟ್ಟಿಗೆಗಳನ್ನು ದಾಟುತ್ತ ಬಂದವರು ನನ್ನದರ ಮುಂದೆ ನಿಂತೇಬಿಟ್ಟರು. ಚೀಟಿ ಓದಿದರು, ನಕ್ಕರು, ಮತ್ತೆ ಓದಿದರು. ಮಾಸ್ತರರು ಅಳುಕುತ್ತಲೇ ನಡೆದದ್ದನ್ನು ಹೇಳಿದಾಗ ಸಾಹೇಬರ ಹೊಟ್ಟೆ ಕುಲುಕಾಡಿತು. "ಖರೆ ಹೇಳತೇನಿ, ಹೊಸಾ ಸುತ್ತೋಲಿ ಓದಿ ನಾನೂ ಮೂರು ದಿನ ತಲಿ ಕೆರಕೊಂಡೇನಿ. ರಾಜ್ಯ ಕೂಡೇತಿ, ಮಾತು ಇನ್ನಾ ಕೂಡಬೇಕು. ಈ ಹುಡುಗಿ ಡಬ್ಬಿಯೊಳಗ ಕೂಡ್ಯಾವ ನೋಡ್ರಿ" ಎಂದು, ಒಂದು ದಪ್ಪ ಶಬ್ದಕೋಶವನ್ನು ನನ್ನ ಕೈಗಿಟ್ಟರು. ನೀಲವ್ವ ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ ತಟ್ಟಿದರು. ನನಗೆ ಆಗ ಆದ ಸಂತೋಷ ಮುಂದೆ ಯಾವ ಪದವಿ ಬಂದಾಗಲೂ ಆಗಲಿಲ್ಲ.

ಶಬ್ದಕೋಶವನ್ನು ತಲೆಯ ಮೇಲೆ ಹೊತ್ತು ಮನೆಗೆ ಬಂದೆ. ಅಪ್ಪ ಅದನ್ನು ತಿರುಗಿಸಿ ನೋಡಿದ, ಮುದ್ರೆ ನೋಡಿದ, ಸಹಿ ನೋಡಿದ. ಆಮೇಲೆ, "ಶಿರಹಟ್ಟಿ ಕಾಗದ ಎಲ್ಲೈತಿ? ಬ್ಯಾಡ ಅಂತ ಬರೀಬೇಕಲ್ಲ" ಎಂದ. ನಾನು ಪೆಟ್ಟಿಗೆ ತೆರೆದು ತೋರಿಸಿದೆ. ಒಂದೊಂದೇ ಚೀಟಿಯನ್ನು ಮಗುಚುತ್ತ ಹೋದ ಅಪ್ಪನಿಗೆ ವರನ ಹೆಸರು ಮಿಡಚಿಯ ಕೆಳಗೂ, ಮನೆತನದ ಹಿರಿಮೆ ಗುಂಗಿಹುಳದ ಕೆಳಗೂ ದೊರೆತವು. ಅಜ್ಜಿ ಮೊದಲು ನಕ್ಕಳು, ಆಮೇಲೆ ಅಪ್ಪನೂ ತಡೆಯಲಾಗದೆ ನಕ್ಕ. "ಹೋಗವಾ ಗದಗಿಗೆ. ನಿನ್ನ ಮನ್ಯಾಗ ಇಟಗೊಂಡ್ರ ನನಗೂ ಟಾಚಣಿ ಚುಚ್ಚತಿ" ಎಂದ. ಆ ಜೂನಿನಲ್ಲಿ ಗದಗಿನ ಬಸ್ಸು ಹತ್ತಿದೆ. ಓದಿದೆ, ಅದೇ ಊರಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದೆ. ಮೊದಲ ದಿನದ ಪಾಠದಲ್ಲಿ ಯಾವಾಗಲೂ ಎರಡೂ ಹೆಸರು ಬರೆಯುತ್ತಿದ್ದೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಯಜಮಾನರು ಮತ್ತೆ ಕೇಳಿದರು, "ಯಾರ ಹೆಸರಿಗೆ ಬಂದೈತಿ ಅಂದ್ನೆಲ್ಲ?"

"ನನ್ನ ಹೆಸರಿಗೇ ಬಂದೈತ್ರಿ" ಎಂದೆ.

ಅವರು ಕೈಯೊರೆಸಿಕೊಳ್ಳುತ್ತ ಹೊರಬಂದು, ಕನ್ನಡಕದ ಡಬ್ಬಿಯ ಮೇಲೆ ರೆಕ್ಕೆ ಆಡಿಸುತ್ತಿದ್ದ ಅತಿಥಿಯನ್ನು ನೋಡಿ, "ಹಂಗಾರ ಹಾರಿ ಹೋಗೂದರಾಗ ಜಲ್ದಿ ಓದಿಬಿಡು" ಎಂದರು. ನಾನು ಓದಿಕೊಂಡು, ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದೆ. ಶಿರಹಟ್ಟಿಯ ಚಿಟ್ಟಿಗೆ ನಮ್ಮ ಮನೆಯಿಂದ ಉತ್ತರ ಹೋಗಲೇ ಇಲ್ಲ. ಈ ಚಿಟ್ಟಿಗಾದರೂ ಹೋಗಲಿ ಎಂದು ಇವತ್ತು ಕೂತು ಬರೆದಿದ್ದೇನೆ.