ಎರಡು ಬಿಳಿ ಲಕೋಟೆ

ಕೊರಿಯಾದ ಗುನ್ಸಾನ್ ಪೇಟೆಯ ಅಕ್ಕಿಕಡುಬಿನ ಗಿರಣಿಗೆ ತಿಂಗಳಿಗೊಮ್ಮೆ ಕಪ್ಪು ಸೂಟಿನ ಗಂಡಸೊಬ್ಬ ಬರುತ್ತಿದ್ದ. ಗಿರಣಿಯ ಒಡತಿ ಒಕ್ರಿಮ್‌ಳ ಕೈಗೆ ಬಿಳಿ ಲಕೋಟೆಯೊಂದನ್ನು ಎರಡೂ ಕೈಯಿಂದ ಕೊಟ್ಟು ಹೋಗುತ್ತಿದ್ದ. ಅದು ಪ್ರೇಮಪತ್ರವೇ ಸರಿ ಎಂದು ಎದುರಿನ ಕ್ಷೌರದಂಗಡಿಯಲ್ಲಿ ಕೂತು ತೀರ್ಪು ಕೊಟ್ಟವರಲ್ಲಿ ಈ ಬರಹಗಾರನೂ ಒಬ್ಬ. ಆತ ಅವಳಿಂದ ಬೇರೆಯಾದ ಗಂಡ ಗಿಹೋ, ಲಕೋಟೆಯಲ್ಲಿ ಇರುವುದು ಸಾಲದ ಕಂತಿನ ಅರ್ಧಪಾಲು ಎಂದು ಗೊತ್ತಾದಾಗ ಬೀದಿಗೆ ತುಸು ನಿರಾಸೆಯೇ ಆಯಿತು.

ಹಬೆಯ ಯಂತ್ರಕ್ಕೆಂದು ಇಬ್ಬರೂ ಕೂಡಿ ಎತ್ತಿದ ಸಾಲ ಅದು. ಬೇರೆಯಾಗುವಾಗ ನ್ಯಾಯಾಲಯ ಅದನ್ನು ಅರ್ಧರ್ಧ ಹಂಚಿತ್ತು. ಒಕ್ರಿಮ್ ಆ ತೀರ್ಪಿನ ಕಾಗದವನ್ನು ಬ್ಯಾಂಕಿಗೆ ಹೊತ್ತೊಯ್ದರೆ, ಅಲ್ಲಿನವನು ಅದನ್ನು ಮಡಿಸಿ ವಾಪಸು ಕೊಟ್ಟ. "ಇದು ನಿಮ್ಮಿಬ್ಬರ ಒಪ್ಪಂದ ಅಮ್ಮಾ, ನಮ್ಮದಲ್ಲ. ಅವ್ರು ಕಟ್ಟದಿದ್ರೆ ಪೂರ್ತಿ ನೀವೇ ಕಟ್ಬೇಕು." ಹೋದ ತಿಂಗಳು ಗಿಹೋ ಬರಲಿಲ್ಲ, ಕಂತು ತಪ್ಪಿತು. ಇನ್ನೊಂದು ತಪ್ಪಿದರೆ ಅಷ್ಟೂ ಸಾಲ ಒಟ್ಟಿಗೆ ಕಟ್ಟಬೇಕು, ಇಲ್ಲವಾದರೆ ಯಂತ್ರ ಹೊತ್ತುಕೊಂಡು ಹೋಗುತ್ತಾರೆ. ಅದೂ ಸುಗ್ಗಿಹಬ್ಬದ ಹೊಸ್ತಿಲಲ್ಲಿ! ತನ್ನ ಪಾಲಿನ ಕಂತೊಂದನ್ನು ಬಿಟ್ಟು ಇದ್ದಬದ್ದ ಹಣವನ್ನೆಲ್ಲ ಅವಳು ಆಗಲೇ ಅಕ್ಕಿಗೆ ಸುರಿದಿದ್ದಳು. ಅಕ್ಕಿ ನೆನೆಯುತ್ತಿತ್ತು, ಕಡುಬಿನಡಿ ಹಾಸಲು ಪೈನ್ ಎಲೆ ತೊಳೆದಿಟ್ಟಾಗಿತ್ತು.

ಕಂತಿನ ಕಡೆಯ ದಿನ ಮಧ್ಯಾಹ್ನ ಗಿಹೋ ಬಂದ. ರಾತ್ರಿ ಹೊತ್ತು ಕುಡಿದವರ ಕಾರನ್ನು ಅವರವರ ಮನೆಗೆ ಮುಟ್ಟಿಸುವುದು ಅವನ ಕಸುಬು. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ 'ಪ್ರಧಾನ ಸಲಹೆಗಾರ'. ಖಾತೆಗೆ ಬಿದ್ದ ಹಣವನ್ನೆಲ್ಲ ಬೇರೆ ಸಾಲ ಕೊಟ್ಟವರು ನುಂಗುತ್ತಿದ್ದರಿಂದ ಅವನದು ಯಾವಾಗಲೂ ನಗದು ವ್ಯವಹಾರ.

"ವರ್ತಕರ ಸಂಘದ ಅಧ್ಯಕ್ಷರ ತಾಯಿ ಹೋಗಿಬಿಟ್ರು," ಎಂದ ಲಕೋಟೆ ಕೊಡುತ್ತಾ. "ಅಲ್ಲಿಂದ್ಲೇ ಬಂದೆ, ಮತ್ತೆ ಅಲ್ಲಿಗೇ ಹೋಗ್ಬೇಕು. ನಾನಿಲ್ದೆ ಏನೂ ನಡೆಯೋ ಹಾಗಿಲ್ಲ."

"ಸತ್ತವರಿಗೂ ನಿನ್ನ ಸಲಹೆ ಬೇಕಾ?" ಎಂದಳು ಒಕ್ರಿಮ್.

ಅವನು ಹೋದ ಮೇಲೆ ಲಕೋಟೆ ಬಿಚ್ಚಿದರೆ ಒಳಗೆ ಐವತ್ತು ಸಾವಿರ ವಾನ್‌ನ ಒಂದೇ ಒಂದು ನೋಟು. ಸಾವಿನ ಮನೆಗೆ ಕೊಡುವ ಮುಯ್ಯಿ. ಎರಡಕ್ಕೂ ಒಂದೇ ಬಗೆಯ ಬಿಳಿ ಲಕೋಟೆ, ಎರಡರ ಬೆನ್ನ ಮೇಲೂ ಅವನ ಹೆಸರು, ಎರಡೂ ಒಂದೇ ಸೂಟಿನ ಜೇಬಿನಲ್ಲಿ. ಗಿರಣಿಯ ಕಂತು ಅಧ್ಯಕ್ಷರ ತಾಯಿಯ ಮುಯ್ಯಿ ಪೆಟ್ಟಿಗೆಗೆ ಬಿದ್ದಿತ್ತು!

ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಹಿಟ್ಟು ಮೆತ್ತಿದ ಏಪ್ರನ್‌ನಲ್ಲೇ ಬಸ್ಸು ಹತ್ತಿದಳು. ಸಂಜೆ ಆರಕ್ಕೆ ಬ್ಯಾಂಕು ಕಂತಿಗೆಂದು ಅವಳ ಖಾತೆಗೆ ಕೈ ಹಾಕುತ್ತದೆ, ಅಷ್ಟರೊಳಗೆ ಹಣ ಅಲ್ಲಿರಬೇಕು. ಬಸ್ಸೋ, ಪ್ರತಿ ಕೆಂಪು ದೀಪಕ್ಕೂ ನಿಂತು ನಮಸ್ಕಾರ ಮಾಡುವ ಹಾಗೆ ಹೊರಟಿತ್ತು.

ಆಸ್ಪತ್ರೆಯ ಶವಸಂಸ್ಕಾರ ಭವನದಲ್ಲಿ ಗಿಹೋ ನಡುವಣ ಮೇಜಿನಲ್ಲಿ ವಿರಾಜಮಾನನಾಗಿದ್ದ. ಮುಂದೆ ಖಾರದ ಗೋಮಾಂಸದ ಸಾರು, ಪಕ್ಕದಲ್ಲಿ ಸ್ವತಃ ಅಧ್ಯಕ್ಷರೇ ಸೋಜು ಮದ್ಯ ಬಗ್ಗಿಸಿಕೊಡುತ್ತಿದ್ದರು. ಅಷ್ಟು ದಪ್ಪನೆಯ ಮುಯ್ಯಿ ಆ ದಿನ ಬೇರೆ ಯಾರೂ ತಂದಿರಲಿಲ್ಲ.

ಒಕ್ರಿಮ್ ಅವನ ಕಿವಿಯಲ್ಲಿ ಸಂಗತಿ ಉಸುರಿದಳು. ಅವನು ಜೇಬು ಮುಟ್ಟಿ ನೋಡಿಕೊಂಡ. ಮುಖ ಬಿಳಿಚಿತು, ಬೆನ್ನು ಮಾತ್ರ ಬಾಗಲಿಲ್ಲ.

"ಮುಯ್ಯಿ ವಾಪಸ್ ಕೇಳೋದಾ? ನನ್ನ ಮಾನ ಏನಾಗ್ಬೇಕು? ಮುಂದಿನ ತಿಂಗಳು ಎರಡೂ ಸೇರಿಸಿ ಕೊಡ್ತೀನಿ ಬಿಡು."

"ಮುಂದಿನ ತಿಂಗಳು ಗಿರಣಿ ಇರಲ್ಲ ಮಾರಾಯ. ನಿನ್ನ ಮಾನಾನ ಹಬೇಲಿ ಬೇಯಿಸಿ ಮಾರ್ಲಾ?"

ಅವನು ಸಾರಿನ ಬಟ್ಟಲಿಗೆ ತಲೆ ತಗ್ಗಿಸಿದ. ಸತ್ತವರಿಗೆ ತಲೆಬಾಗದೆ ಅಲ್ಲಿ ಬಾಯಿ ಬಿಡುವಂತಿಲ್ಲ. ಒಕ್ರಿಮ್ ಮುದುಕಿಯ ಚಿತ್ರದ ಮುಂದೆ ಮಂಡಿಯೂರಿ ಎರಡು ಸಲ ಅಡ್ಡಬಿದ್ದಳು. ಏಳುವಾಗಲೆಲ್ಲ ಕಣ್ಣು ಗೋಡೆಯ ಗಡಿಯಾರದ ಕಡೆಗೇ. ಐದೂವರೆ ದಾಟಿತ್ತು. ನೆಟ್ಟಗೆ ಬಾಗಿಲ ಬಳಿಯ ಮೇಜಿಗೆ ಬಂದು, ಮುಯ್ಯಿ ಬರೆದುಕೊಳ್ಳುತ್ತಿದ್ದ ಅಧ್ಯಕ್ಷರ ಭಾವಮೈದುನನ ಮುಂದೆ ತೆಳ್ಳನೆಯ ಲಕೋಟೆ ಇಟ್ಟಳು.

"ಅಣ್ಣಾ, ಇದು ಅವರ ಮುಯ್ಯಿ. ಪೆಟ್ಟಿಗೇಲಿ ಇರೋದು ನಮ್ಮಿಬ್ಬರ ಸಾಲದ ಕಂತು. ಅದಲುಬದಲಾಗಿದೆ."

ಆತ ಗಂಭೀರವಾಗಿ ಕನ್ನಡಕ ಏರಿಸಿಕೊಂಡ. ಪೆಟ್ಟಿಗೆ ತೆಗೆದು ದಪ್ಪ ಲಕೋಟೆ ಹುಡುಕಿದ. ನಡುಮೇಜಿನ ಗಿಹೋನತ್ತ ಒಮ್ಮೆ ನೋಡಿದ, ಹಿಟ್ಟು ಮೆತ್ತಿದ ಏಪ್ರನ್‌ನತ್ತ ಒಮ್ಮೆ ನೋಡಿದ. ಲಕೋಟೆಯನ್ನು ಅವಳತ್ತ ಸರಿಸಿದರೂ ತುದಿಯನ್ನು ಬೆರಳಲ್ಲಿ ಒತ್ತಿಹಿಡಿದೇ ಕೇಳಿದ:

"ಅಲ್ಲಮ್ಮಾ, ನೀವಿಬ್ರೂ ಬೇರೆ ಆಗಿ ಎಷ್ಟೋ ಕಾಲ ಆಯ್ತಲ್ಲ. ಈಗ ಅವರಿಗೂ ನಿಮಗೂ ಏನು ಸಂಬಂಧ?"

"ಇನ್ನೂ ಹದಿನಾಲ್ಕು ಕಂತು. ಬೆರಳು ತೆಗೀರಿ."