ಮೋಟಾರು ಬಿಚ್ಚಿಟ್ಟ ಟೈಲರಮ್ಮ

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುವ ಆ ಹೆಂಗಸು ಅರವತ್ತಾರನೆಯ ವಯಸ್ಸಿನಲ್ಲಿ ಹೊಲಿಗೆ ಮಷಿನ್ನಿನ ಮೋಟಾರು ಬಿಚ್ಚಿಟ್ಟು ಮತ್ತೆ ಕಾಲಿನಲ್ಲೇ ತುಳಿಯತೊಡಗಿದಾಗ ಜನ ನಕ್ಕರು. "ಶಬ್ದಕ್ಕೆ ತಲೆನೋವು ಬರುತ್ತೆ" ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ನಿಜ ಬೇರೆಯೇ ಇತ್ತು. ಎರಡು ವರ್ಷದಿಂದ ಆಗಾಗ ಅವಳಿಗೆ ಕೂತಲ್ಲೇ ಅರಿವು ತಪ್ಪುತ್ತಿತ್ತು. ಬೀಳುತ್ತಿರಲಿಲ್ಲ, ಕಣ್ಣು ತೆರೆದೇ ಇರುತ್ತಿತ್ತು. ಕಾಲು ಪೆಡಲಿನ ಮೇಲೆ, ಮೋಟಾರು ಓಡುತ್ತಲೇ ಇರುತ್ತಿತ್ತು. ಎಚ್ಚರವಾಗಿ ನೋಡಿದರೆ ಹೊಲಿಗೆ ಅಂಚು ಬಿಟ್ಟು ಎಲ್ಲಿಗೋ ಹೋಗಿರುತ್ತಿತ್ತು. ತುಳಿಯುವ ಮಷಿನ್ನಾದರೆ ಅವಳ ಕಾಲು ನಿಂತಾಗ ಅದೂ ನಿಲ್ಲುತ್ತದೆ.

"ಫಿಟ್ಸು. ಈ ವಯಸ್ಸಲ್ಲೂ ಶುರುವಾಗುತ್ತೆ," ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. "ಎಷ್ಟು ಹೊತ್ತು ಇರುತ್ತೆ, ನೋಡಿದವರನ್ನ ಕೇಳ್ಕೊಂಡು ಬನ್ನಿ." ಗಂಡ ಹೋಗಿ ಹನ್ನೊಂದು ವರ್ಷ, ಕೇಳುವುದು ಯಾರನ್ನು, ಗೋಡೆಯನ್ನೇ? ಕತ್ತರಿ ಹಿಡಿಯುವವಳಿಗೆ ಫಿಟ್ಸು ಎಂದು ತಿಳಿದರೆ ಬಟ್ಟೆ ಕೊಡುವವರಾದರೂ ಯಾರು? ಗುಟ್ಟಾಗಿಯೇ ಇಟ್ಟಳು.

ಒಂದು ಸಂಜೆ ಮಹಡಿ ಮನೆಯಾಕೆ ಎಂಟು ವರ್ಷದ ಮಗಳನ್ನು ಫ್ರಾಕಿನ ಅಳತೆಗೆ ಕರೆತಂದಳು. ಒಂದೇ ಸಮ ವಟಗುಟ್ಟುತ್ತಿದ್ದ ಹುಡುಗಿ ನಡುಮಾತಿನಲ್ಲಿ ನಿಂತುಬಿಟ್ಟಳು. ರೆಪ್ಪೆ ಪಟಪಟ ಬಡಿಯಿತು. ಸ್ವಲ್ಪ ಹೊತ್ತಿಗೆ, ಏನೂ ಆಗದವಳ ಹಾಗೆ, ಮತ್ತೆ ಮಾತು.

"ಇವಳದ್ದು ಯಾವಾಗಲೂ ಇದೇ. ಕನಸು ಕಾಣ್ತಾ ಕೂರ್ತಾಳೆ ಅಂತ ಸ್ಕೂಲಲ್ಲೂ ಬೈಸ್ಕೋತಾಳೆ," ಎಂದು ತಾಯಿ ಮೊಟಕಲು ಕೈಯೆತ್ತಿದಳು.

ಸುಮ್ಮನಿದ್ದರೆ ಟೈಲರಮ್ಮನ ಗುಟ್ಟು ಉಳಿಯುತ್ತಿತ್ತು. ಅವಳು ಆ ಕೈ ಹಿಡಿದುಕೊಂಡಳು.

"ಹೊಡೀಬೇಡಮ್ಮ, ಅವಳಿಗೆ ಗೊತ್ತೇ ಆಗಲ್ಲ. ನನಗೂ ಹೀಗೇ ಆಗುತ್ತೆ, ಫಿಟ್ಸು. ಡಾಕ್ಟರಿಗೆ ತೋರಿಸು."

"ನಮ್ಮನೇಲಿ ಯಾರಿಗೂ ಅಂಥದ್ದಿಲ್ಲ," ಎಂದ ತಾಯಿ ಬಟ್ಟೆಯನ್ನೂ ಎತ್ತಿಕೊಂಡು ಹೋದಳು.

ವಾರದೊಳಗೆ ಸುದ್ದಿ ಬೀದಿ ತುಂಬಿತು. ಆಮೇಲೆ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಬಾಗಿಲು ನೋಡಿ ನೋಡಿ ಸಾಕಾಗಿ ಟೈಲರಮ್ಮ ತನ್ನ ದಿಂಬಿನ ಕವರುಗಳನ್ನೇ ಬಿಚ್ಚಿ ಮತ್ತೆ ಹೊಲಿದಳು. ಆಡಿದ ಮಾತಿಗೆ ಮಾತ್ರ ಮರುಗಲಿಲ್ಲ.

ಎರಡು ತಿಂಗಳ ಮೇಲೆ ಅದೇ ತಾಯಿ ಬಂದು ಫ್ರಾಕಿನ ಬಟ್ಟೆ ಇಟ್ಟಳು. "ಡಾಕ್ಟರೂ ಅದೇ ಅಂದ್ರು. ಮಾತ್ರೆ ಕೊಟ್ಟಿದಾರೆ," ಎಂದಳು, ತಲೆಯೆತ್ತದೆ. ಅಂಗಡಿಗೆ ಹೋಗಿ ಬರುವವರೆಗೆ ಮಗಳನ್ನು ಅಲ್ಲೇ ಬಿಟ್ಟಳು. ಹುಡುಗಿ ಮಷಿನ್ನಿನ ಪಕ್ಕ ಕೂತಳು, ಟೈಲರಮ್ಮ ತುಳಿಯತೊಡಗಿದಳು.

ಮತ್ತೆ ನೋಡಿದಾಗ ಚಕ್ರ ನಿಂತಿತ್ತು. ಹುಡುಗಿಯ ಕೈ ಅವಳ ತೋಳಿನ ಮೇಲಿತ್ತು.

"ನಲವತ್ತೆರಡು," ಎಂದಳು ಹುಡುಗಿ.

"ಏನು ಪುಟ್ಟಿ?"

"ನೀವು ಸುಮ್ಮನಾಗ್ಬಿಟ್ರಿ ಅಜ್ಜಿ. ನಂಗೆ ಹೀಗಾದಾಗ ಅಮ್ಮ ಎಣಿಸ್ತಾಳಲ್ಲ, ಹಾಗೇ ಎಣಿಸಿದೆ."

ಟೈಲರಮ್ಮ ಗುರುತು ಹಾಕುವ ಸೀಮೆಸುಣ್ಣದಿಂದ ಮಷಿನ್ನಿನ ಹಲಗೆಯ ಮೇಲೆ, ಡಾಕ್ಟರಿಗೆ ಹೇಳಲು, ಅಂಕಿ ಬರೆದುಕೊಂಡಳು. ಅರಿವು ತಪ್ಪಿದ ಹೊತ್ತಿನಲ್ಲಿ ಅವಳ ಪಕ್ಕ ಒಬ್ಬರು ಇದ್ದದ್ದು ಎರಡು ವರ್ಷದಲ್ಲಿ ಇದೇ ಮೊದಲು.