ಹೆದೆ ಇಲ್ಲದ ಬಿಲ್ಲು

ಇಂಥ ಕಥೆ ಹೇಳುವವರ ಮುಂದೆ ನಾನು ಬಹಳ ಸಲ ನಕ್ಕಿದ್ದೇನೆ. ಸಪ್ಪಳವಾಯಿತು ಎಂದರೆ ಕಿಟಕಿಯ ಚಿಲಕ ಸಡಿಲಾಗಿರಬೇಕು ಎನ್ನುತ್ತಿದ್ದೆ. ನೆರಳು ಕಂಡಿತು ಎಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎನ್ನುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಕಸುಬು. ಹುಟ್ಟಿದ್ದು ಕುರುಗೋಡು, ನೆಲೆಸಿದ್ದು ಬಳ್ಳಾರಿಯ ಗಾಂಧಿನಗರದಲ್ಲಿ. ಬಹಳ ವರ್ಷ ಬಿಲ್ಲುಗಾರಿಕೆ ಕಲಿಸಿದೆ. ಭುಜ ಕೈಕೊಟ್ಟ ಮೇಲೆ ಹಳೆಯ ಬಿಲ್ಲುಗಳನ್ನು ಗುರುತಿಸಿ ಬೆಲೆ ಹೇಳುವುದೇ ಕೆಲಸವಾಯಿತು. ತುದಿಗಳು ಹೊರಗೆ ಬಾಗಿರುವ ಬಿಲ್ಲಿಗೆ ರಿಕರ್ವ್ ಎನ್ನುತ್ತಾರೆ. ಈಗಿನವನ್ನು ಬಿಚ್ಚಿ ಚೀಲಕ್ಕೆ ಹಾಕಬಹುದು. ನಮ್ಮಪ್ಪನ ಕಾಲದವು ಹಾಗಲ್ಲ, ಮರದ ತೆಳು ಪಟ್ಟಿ ಮತ್ತು ಫೈಬರ್‌ಗ್ಲಾಸ್ ಅಂಟಿಸಿ ಒಂದೇ ತುಂಡಾಗಿ ಮಾಡಿದವು. ಅಂಥವನ್ನು ಹುಡುಕಿ ಕೊಳ್ಳುವವರು ಪುಣೆಯಲ್ಲಿದ್ದಾರೆ, ಹೈದರಾಬಾದಿನಲ್ಲಿದ್ದಾರೆ. ತಯಾರಿಸಿದವನು ಶಾಯಿಯಲ್ಲಿ ಬರೆದ ಸಂಖ್ಯೆ ವಾರ್ನಿಷಿನಡಿ ಉಳಿದಿದೆಯೇ, ಬಿಲ್ಲಿನ ತೋಳು ತಿರುಚಿಕೊಂಡಿದೆಯೇ, ಯಾರಾದರೂ ಹೊಸ ಬಣ್ಣ ಬಳಿದು ಕೆಡಿಸಿದ್ದಾರೆಯೇ ಎಂದು ನೋಡಿ ಹೇಳುವುದು ನನ್ನ ಪಾಲಿನದು.

ಕೆಲವು ವರ್ಷಗಳ ಹಿಂದೆ ಸಿರುಗುಪ್ಪದಿಂದ ಪಂಪಾಪತಿ ಎಂಬುವರು ಫೋನ್ ಮಾಡಿದರು. ಕುಡತಿನಿಯ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ನಾಗವೇಣಿ ತೀರಿಕೊಂಡು ವರ್ಷವಾಗಿತ್ತು. ಆಕೆಯ ಬಿಲ್ಲೊಂದಿದೆ, ಬಂದು ನೋಡಿ ಎಂದರು. "ರೊಕ್ಕದ ಮಾತಲ್ರಿ. ಯಾರಾರ ಚೆಂದಗೆ ಇಟ್ಕೊಳ್ಳೋರಿದ್ರ ಕೊಟ್ಟುಬಿಡ್ತೀನಿ."

ಕೆಂಚನಗುಡ್ಡದ ದಾರಿಯಲ್ಲಿ, ಊರ ಅಂಚಿನಲ್ಲಿ ಅವರ ಮನೆ. ಹಿತ್ತಲಿನ ಗೋಡೆಯಾಚೆ ಭತ್ತದ ಗದ್ದೆ. ನಾನು ಹೋದದ್ದು ಇಳಿಹೊತ್ತಿನಲ್ಲಿ. ಪಡಸಾಲೆಯ ಗೋಡೆಗೆ ಬಿಲ್ಲು ತೂಗುಹಾಕಿದ್ದರು. ಇಳಿಸಿ ಬೆಳಕಿಗೆ ಹಿಡಿದು ನೋಡಿದೆ. ವಿದೇಶದಲ್ಲಿ ತಯಾರಾದದ್ದು, ಮೂಲ ವಾರ್ನಿಷ್ ಹಾಗೇ ಇತ್ತು, ಶಾಯಿಯ ಅಕ್ಷರಗಳೂ ಅಳಿಸಿರಲಿಲ್ಲ. ತೋಳುಗಳಲ್ಲಿ ಬಿರುಕಿಲ್ಲ, ತಿರುಚಿಲ್ಲ. ಹಿಡಿಯ ಹತ್ತಿರ ಮಾತ್ರ ಮರ ಕಪ್ಪಾಗಿ ನುಣುಪಾಗಿತ್ತು. ಅದೊಂದು ಸಣ್ಣ ಕೈಯ ಗುರುತು. ನನ್ನ ಹಸ್ತ ಅಲ್ಲಿ ಸರಿಯಾಗಿ ಕೂರಲಿಲ್ಲ. ಕಾಲೇಜಿನಲ್ಲಿದ್ದಾಗ ಆಕೆಗೆ ಕಲಿಸಿದವರು ಕೊಟ್ಟ ಬಿಲ್ಲಂತೆ. ಮದುವೆಯಾದ ಮೇಲೂ ಆಕೆ ಬಿಡಲಿಲ್ಲ. ಭತ್ತದ ಹುಲ್ಲು ಬಿಗಿದು ಗುರಿ ಕಟ್ಟಿಕೊಂಡು ದಿನಾ ಸಂಜೆ ಹಿತ್ತಲಲ್ಲಿ ಬಾಣ ಬಿಡುತ್ತಿದ್ದಳಂತೆ.

ಇಂಥದ್ದಕ್ಕಾಗಿ ಪುಣೆಯವರೊಬ್ಬರು ಕಾಯುತ್ತಿದ್ದಾರೆ ಎಂದೆ. ಪಂಪಾಪತಿ ತಲೆಯಾಡಿಸಿದರು. "ಒಂದೀಟು ಕುಂದರ್ರಿ. ಹೊತ್ತು ಮುಳುಗಲಿ. ಆಮ್ಯಾಲೆ ಒಯ್ಯಾಕ ಮನಸಾದ್ರ ಒಯ್ರಿ."

ಅವರ ಎದುರಿಗೆ ಕೂತೆ. ಬಿಲ್ಲು ನನ್ನ ತೊಡೆಯ ಮೇಲೇ ಇತ್ತು. ಅದಕ್ಕೆ ಹೆದೆ ಏರಿಸಿರಲಿಲ್ಲ. ಹೆದೆಯನ್ನು ಸುತ್ತಿ ಒಂದು ಡಬ್ಬಿಯಲ್ಲಿಟ್ಟಿದ್ದನ್ನು ಅವರು ಆಗಲೇ ತೋರಿಸಿದ್ದರು. ಹೊರಗೆ ಬಿಸಿಲು ಹೋಗಿ ಮಬ್ಬು ಕವಿಯುತ್ತಿದ್ದಾಗ ಆ ಸಪ್ಪಳ ಕೇಳಿತು. ಎಳೆದ ಹೆದೆಯನ್ನು ಬೆರಳು ಬಿಟ್ಟಾಗ ಏಳುವ ಠೇಂಕಾರ. ಜೀವಮಾನವೆಲ್ಲ ಕೇಳಿದ ಸಪ್ಪಳ ಅದು, ನಾನು ತಪ್ಪು ತಿಳಿಯುವಂತಿಲ್ಲ. ತೊಡೆಯ ಮೇಲಿನ ಮರ ಸಣ್ಣಗೆ ಅದುರಿತು.

ನಾನು ಎದ್ದು ಹಿತ್ತಲು ನೋಡಿದೆ, ಡಬ್ಬಿ ತೆರೆದು ನೋಡಿದೆ. ಹೆದೆ ಸುತ್ತಿದ ಹಾಗೇ ಇತ್ತು. ಸೆಕೆಗೆ ಮರ ಹಿಗ್ಗಿರಬೇಕು ಎಂದೇನೋ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಖ ಹಿತ್ತಲ ಕಡೆಗಿತ್ತು, ಇನ್ನೂ ಏನನ್ನೋ ಕಾಯುವವರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಉಸಿರು ಬಿಟ್ಟರು.

"ಅವತ್ತು ನಾನು ಒಳಗ ಚಾ ಮಾಡಾಕತ್ತಿದ್ನಿರಿ. ಹೆದಿ ಸಪ್ಪಳ ಆತು. ಅದರ ಹಿಂದನ ಬಾಣ ಹುಲ್ಲಿಗೆ ಬಡಿಯೋ ಸಪ್ಪಳ ಬರಬೇಕಲ್ರಿ? ಬರಲಿಲ್ಲ. ಹೊರಗ ಬಂದು ನೋಡ್ತೀನಿ, ಬಿದ್ದಾಳ. ಎದಿ ಒಡದಿತ್ತಂತ ಡಾಕ್ಟರು ಅಂದ್ರು. ಬಾಣ ಗ್ವಾಡಿ ದಾಟಿ ಎಲ್ಲಿ ಹೋತೋ, ಗದ್ದಿ ಎಲ್ಲಾ ಹುಡುಕಿದ್ರೂ ಸಿಗಲಿಲ್ಲ." ಟವೆಲಿನಿಂದ ಮುಖ ಒರೆಸಿಕೊಂಡರು. "ಅವತ್ತಿನಿಂದ ದಿನಾ ಹಿಂಗ ಐತಿ. ಹೆದಿ ಸಪ್ಪಳ ಆಕ್ಕೈತಿ. ಬಾಣ ಬಡಿಯಂಗಿಲ್ಲ. ಬಡಿದೀತು ಬಡಿದೀತು ಅಂತ ಕಿವಿಗೊಟ್ಟು ಕುಂತು ಸಾಕಾಗೇತ್ರಿ. ಒಯ್ದುಬಿಡ್ರಿ ಇದನ್ನ."

ಅವರ ದುಃಖದ ಎದುರು ವಾದ ಮಾಡುವುದು ಸರಿಯೆನಿಸಲಿಲ್ಲ. ಬಿಲ್ಲನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಬಂದೆ. ಹೆದೆ ಜೊತೆಗಿಲ್ಲದಿದ್ದರೆ ಸಪ್ಪಳದ ಮಾತೇ ಇರದು ಎಂದು ಅದರ ಡಬ್ಬಿಯನ್ನು ಬೇಕೆಂದೇ ಅಲ್ಲೇ ಬಿಟ್ಟು ಬಂದಿದ್ದೆ.

ಮರುದಿನ ಸಂಜೆ ನನ್ನ ಕೋಣೆಯಲ್ಲಿ ಕೂತು ಪುಣೆಗೆ ಕಳಿಸಲು ಫೋಟೋ ತೆಗೆಯುತ್ತಿದ್ದೆ. ಬಿಲ್ಲು ಮೇಜಿನ ಮೇಲಿತ್ತು. ಬೀದಿ ದೀಪ ಹತ್ತುವ ಹೊತ್ತಿಗೆ ಅದೇ ಠೇಂಕಾರ ಕೇಳಿತು. ನಾನು ಕ್ಯಾಮೆರಾ ಕೆಳಗಿಡುವ ಮೊದಲೇ ಇನ್ನೊಂದು ಸಪ್ಪಳವಾಯಿತು. ಬಿಗಿದ ಹುಲ್ಲಿನೊಳಗೆ ಬಾಣ ಹೊಕ್ಕು ನಿಲ್ಲುವ ದಪ್ಪನೆಯ ಸಪ್ಪಳ. ನನ್ನ ಎದುರಿಗಿದ್ದದ್ದು ಸುಣ್ಣ ಬಳಿದ ಬರಿಯ ಗೋಡೆ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು. "ಏನ್ ಬಡೀತ್ರಿ ಅದು? ಏನಾರ ಬಿತ್ತೇನು?" ಸಿರುಗುಪ್ಪದ ಸಂಗತಿಯನ್ನು ನಾನು ಅವಳಿಗೆ ಹೇಳಿರಲಿಲ್ಲ.

ನಾನು ಉತ್ತರ ಕೊಡುವುದರೊಳಗೆ ಫೋನ್ ಬಂತು. ಪಂಪಾಪತಿ. ದನಿ ಒಡೆದಿತ್ತು. "ಸರ್, ಇವತ್ತು ಸಪ್ಪಳ ಬರಲಿಲ್ರಿ. ನನ್ನ ತಲಿ ಕೆಟ್ಟಿತ್ತು, ಕೊಟ್ಟುಬಿಟ್ಟೆ. ಮನಿ ಭಣಭಣ ಅಂತೈತಿ. ಬಡೀದಿದ್ರ ಬ್ಯಾಡರಿ, ಅಷ್ಟರ ಕೇಳ್ತಿತ್ತಲ್ಲ ನನಗ. ನಿಮ್ಮ ಕಾಲಿಗೆ ಬೀಳ್ತೀನಿ, ತಂದ್ಕೊಡ್ರಿ."

ತರುತ್ತೇನೆ ಎಂದೆ. ನನ್ನ ಕೋಣೆಯಲ್ಲಿ ಕೇಳಿದ್ದನ್ನು ಮಾತ್ರ ತಿಳಿಸಲಿಲ್ಲ.

ಮಾರನೆಯ ದಿನ ಮತ್ತೆ ಸಿರುಗುಪ್ಪಕ್ಕೆ ಹೋದೆ. ಅವರು ಬಿಲ್ಲನ್ನು ಎರಡೂ ಕೈಯಿಂದ ಇಸಿದುಕೊಂಡು, ಗೋಡೆಗೆ ತೂಗುಹಾಕದೆ ಪಕ್ಕದಲ್ಲೇ ಇಟ್ಟುಕೊಂಡು ಕೂತರು. ಬಿಸಿಲು ಹೋಯಿತು. ಮಬ್ಬಾಯಿತು. ಗದ್ದೆಯ ಕಡೆಯಿಂದ ಕಪ್ಪೆಗಳು ಒದರತೊಡಗಿದವು. ಕತ್ತಲಾಗುವವರೆಗೂ ಬೇರೆ ಸಪ್ಪಳ ಬರಲಿಲ್ಲ. ಅವರು ಬಿಲ್ಲಿನ ಮೇಲೆ ಕೈಯಾಡಿಸುತ್ತ, "ಸಿಟ್ಟಾಗ್ಯಾಳ. ಕೊಟ್ಟು ಕಳಿಸಿದ್ನೆಲ್ಲ, ಅದಕ್ಕ" ಎಂದರು.

ಅದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ. ನನ್ನ ಕೋಣೆಯಲ್ಲಿ ಆದದ್ದನ್ನು ಹೇಳಿದೆ.

ಅವರು ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಹೆಂಗ ಬಡೀತ್ರಿ? ಅಂಚಿಗೆ ಸವರಿದಂಗ ಆತೋ, ಗಟ್ಟಿ ಬಡೀತೋ?"

"ನಟ್ಟ ನಡುವಿಗೆ ಬಡೀತ್ರಿ," ಎಂದೆ. ಅದು ನಿಜವಾಗಿತ್ತು. ಗುರಿಯ ನಡುವಿಗೆ ಬಿದ್ದ ಬಾಣದ ಸಪ್ಪಳ ನನಗೆ ಗೊತ್ತು.

"ಹಂಗಾದ್ರ ಅಕಿ ಇನ್ನ ಬಾಣ ಬಿಡಂಗಿಲ್ರಿ," ಎಂದರು ಪಂಪಾಪತಿ. "ದಿನಾ ಹಂಗ ಮಾಡ್ತಿದ್ಲು. ನಡುವಿಗೆ ಒಂದು ಬಡಿದ್ಲು ಅಂದ್ರ ಸಾಕು, ಬಿಲ್ಲು ಇಳಿಸಿ ಒಳಗ ಬರತಿದ್ಲು." ಅಷ್ಟು ಹೇಳಿ ಟವೆಲನ್ನು ಬಾಯಿಗೆ ಒತ್ತಿಕೊಂಡರು. ದೊಡ್ಡವರು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ವರ್ಷ ಪೂರ್ತಿ ಕುಂತಿದ್ನೆಲ್ರಿ ನಾನು. ಒಂದಿನ ತಡಕೊಂಡಿದ್ರ ನನಗ ಕೇಳ್ತಿತ್ತೇನೋ."

ಬಿಲ್ಲನ್ನು ಅವರ ಹತ್ತಿರವೇ ಬಿಟ್ಟು ಬಂದೆ. ಪುಣೆಯವರಿಗೆ ಬಿಲ್ಲು ಸಿಗುವುದಿಲ್ಲ ಎಂದು ತಿಳಿಸಿಬಿಟ್ಟೆ. ಮರ, ಅಂಟು, ಸೆಕೆ, ದೂರದ ಸದ್ದು, ಇಬ್ಬರ ಭ್ರಮೆ, ಹೀಗೆ ನನಗೆ ತೋಚಿದ ಕಾರಣಗಳನ್ನೆಲ್ಲ ಒಂದೊಂದಾಗಿ ಯೋಚಿಸಿ ನೋಡಿದ್ದೇನೆ. ಯಾವುದೂ ಹೊಂದುವುದಿಲ್ಲ. ಬಾಣ ಅವರ ಹಿತ್ತಲು ಬಿಟ್ಟು, ಆಕೆಯನ್ನು ಒಮ್ಮೆಯೂ ಕಾಣದ ನನ್ನ ಮನೆಯಲ್ಲಿ ಯಾಕೆ ಬಡಿಯಿತು ಎಂಬುದಂತೂ ಸ್ವಲ್ಪವೂ ಅರ್ಥವಾಗಿಲ್ಲ.

ಕೆಲವು ಸಂಜೆ ಪಂಪಾಪತಿ ಈಗಲೂ ಫೋನ್ ಮಾಡುತ್ತಾರೆ. "ಏನಾರ ಕೇಳಿಸ್ತೇನ್ರಿ?" ಎನ್ನುತ್ತಾರೆ. "ಇಲ್ಲರಿ. ನಿಮಗ?" ಎನ್ನುತ್ತೇನೆ. ಅವರೂ ಇಲ್ಲ ಎನ್ನುತ್ತಾರೆ. ಆದರೂ ಕತ್ತಲಾಗುವ ತನಕ ಇಬ್ಬರೂ ಫೋನ್ ಇಡುವುದಿಲ್ಲ.